ಭಾರವಿಲ್ಲದ ಬಂದೂಕು, ಬೆಲೆಯಿಲ್ಲದ ಸಾವು

ವಿಜ್ಞಾನ ಕಥೆಯ ಆಯುಧಗಳ ಬಗೆಗೆ ನಮ್ಮ ಸಾಹಿತ್ಯವಲಯದಲ್ಲಿ ಎರಡು ಬಗೆಯ ಅಸಡ್ಡೆಗಳಿವೆ. ಮೊದಲನೆಯದು ಗಂಭೀರ ಸಾಹಿತ್ಯದ ವಾರಸುದಾರರದು. ಕಲ್ಪಿತ ಲೋಕದ ಸೈನಿಕನ ಕೈಯಲ್ಲಿರುವ ಬಂದೂಕು ಹೇಗಿದ್ದರೇನು, ಅದು ಹುಡುಗರ ಆಟಿಕೆ, ಮನುಷ್ಯನ ಅಂತರಂಗವಷ್ಟೇ ಸಾಹಿತ್ಯದ ವಸ್ತು ಎಂಬುದು ಅವರ ನಿಲುವು. ಎರಡನೆಯದು ಈ ಪ್ರಕಾರದ ಅಭಿಮಾನಿಗಳದೇ. ಒಂದಿಷ್ಟು ನೀಲಿ ಬೆಳಕು, ಒಂದಿಷ್ಟು ಬೆಳ್ಳಿಯ ಹೊಳಪು, ಅಂಕಿ-ಅಕ್ಷರ ಬೆರೆತ ಒಂದು ಹೆಸರು; ಇಷ್ಟಾದರೆ ಆಯುಧ ಸಿದ್ಧ ಎಂದು ಅವರು ತಿಳಿದಿದ್ದಾರೆ. ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ನಿಲುವುಗಳ ಮೂಲ ಒಂದೇ. ಬಂದೂಕನ್ನು ಬಿಚ್ಚಿ ನೋಡಿದರೆ ಅದನ್ನು ಮಾಡಿದ ಸಮಾಜವೇ ಒಳಗೆ ಕಾಣುತ್ತದೆ ಎಂಬುದನ್ನು ಇಬ್ಬರೂ ಮರೆತಿದ್ದಾರೆ.

ಇದಕ್ಕೆ ಸಾಕ್ಷಿಯನ್ನು ಅನ್ಯಗ್ರಹದಲ್ಲಿ ಹುಡುಕಬೇಕಾಗಿಲ್ಲ. 1857ರಲ್ಲಿ ಕಂಪನಿ ಸರ್ಕಾರದ ಸಿಪಾಯಿಗಳ ಮುಂದೆ ಬಂದ ಎನ್‌ಫೀಲ್ಡ್ ಬಂದೂಕು ಹಳೆಯದಕ್ಕಿಂತ ಎಲ್ಲ ರೀತಿಯಿಂದಲೂ ಉತ್ತಮವಾದದ್ದು. ನಳಿಗೆಯೊಳಗಿನ ಸುರುಳಿ ಗೀರುಗಳಿಂದಾಗಿ ಅದರ ಗುಂಡು ಹೆಚ್ಚು ದೂರ, ಹೆಚ್ಚು ನೇರವಾಗಿ ಸಾಗುತ್ತಿತ್ತು. ಆದರೆ ಮದ್ದು ತುಂಬುವ ಮೊದಲು ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಅದಕ್ಕೆ ಸವರಿರುವುದು ದನದ ಮತ್ತು ಹಂದಿಯ ಕೊಬ್ಬು ಎಂಬ ಸುದ್ದಿ ದಂಡಿನಿಂದ ದಂಡಿಗೆ ಹಬ್ಬಿತು. ವಿನ್ಯಾಸಕಾರರು ನಳಿಗೆಯ ವ್ಯಾಸವನ್ನು ಲೆಕ್ಕ ಹಾಕಿದ್ದರು, ಗುಂಡಿನ ವೇಗವನ್ನು ಲೆಕ್ಕ ಹಾಕಿದ್ದರು. ತೋಟಾ ಕಚ್ಚುವ ಬಾಯಿ ಯಾರದೆಂಬುದು ಮಾತ್ರ ಅವರ ಲೆಕ್ಕದಲ್ಲಿರಲಿಲ್ಲ. ಆ ದಂಗೆಗೆ ಕಾರಣಗಳು ಹಲವಾರು, ಕಿಡಿ ಮಾತ್ರ ತೋಟಾದ್ದು. ಕಲ್ಪಿತ ಬಂದೂಕನ್ನು ರೂಪಿಸುವ ಲೇಖಕನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ಇನ್ನೊಂದು ಪಾಠ ವಿಯೆಟ್ನಾಮಿನದು. 1960ರ ದಶಕದಲ್ಲಿ ಅಮೆರಿಕದ ಸೈನಿಕರಿಗೆ ಕೊಟ್ಟ ಎಂ-16 ಹಗುರವಾದ, ಆಧುನಿಕವಾದ ಬಂದೂಕು. ಅದನ್ನು ಹೆಚ್ಚು ಶುಚಿಗೊಳಿಸಬೇಕಾಗಿಲ್ಲ ಎಂಬ ಮಾತೂ ಅದರ ಜೊತೆಗೇ ಬಂತು. ಮದ್ದಿನ ಬಗೆಯನ್ನು ಬದಲಿಸಲಾಯಿತು. ಶುಚಿಗೊಳಿಸುವ ಸಲಕರಣೆಗಳು ಸಾಕಷ್ಟು ತಲುಪಲಿಲ್ಲ. ತೋಟಾ ಕೂರುವ ಗೂಡಿಗೆ ತುಕ್ಕು ತಡೆಯುವ ಕ್ರೋಮಿಯಂ ಲೇಪನವಿರಲಿಲ್ಲ. ಕಾಳಗದ ನಡುವೆ ಬಂದೂಕುಗಳು ಸಿಕ್ಕಿಕೊಂಡವು, ಸೈನಿಕರು ಸತ್ತರು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ಇದನ್ನು ಕಟುವಾಗಿ ಖಂಡಿಸಿತು. ಈ ಕಥೆಯಲ್ಲಿ ಕೊಂದದ್ದು ಶತ್ರುವಿನ ಗುಂಡೊಂದೇ ಅಲ್ಲ, ಕಚೇರಿಯ ಕಡತವೂ ಹೌದು. ಬಂದೂಕಿನ ವಿವರ ಸಾಹಿತ್ಯಕ್ಕೆ ಹೊರಗಿನದು ಎನ್ನುವವರು, ಒಂದು ಕಾದಂಬರಿಗೆ ಸಾಲುವ ಈ ದುರಂತವನ್ನು ಯಾವ ಅಂತರಂಗದಲ್ಲಿ ಹುಡುಕುತ್ತಾರೆ?

ಈಗ ಅಭಿಮಾನಿಗಳ ಕಡೆಗೆ ತಿರುಗೋಣ. ಅವರ ಮೆಚ್ಚಿನ ಆಯುಧ ಕಿರಣ ಬಂದೂಕು. ಇಂದಿನ ಸಾಮಾನ್ಯ ರೈಫಲ್ಲಿನ ಗುಂಡು ಹೊತ್ತೊಯ್ಯುವ ಶಕ್ತಿ ಸುಮಾರು 2,000 ಜೂಲ್. ಅಷ್ಟೇ ಶಕ್ತಿಯನ್ನು ಬೆಳಕಾಗಿ ಹೊರಗೆ ಕಳಿಸುವ ಯಂತ್ರ ವಿದ್ಯುತ್ತಿನ ಮೂರನೆಯ ಒಂದು ಭಾಗವನ್ನು ಮಾತ್ರ ಬೆಳಕಾಗಿಸಬಲ್ಲದು ಎಂದುಕೊಳ್ಳೋಣ. ಆಗ ಪ್ರತಿ ಹೊಡೆತಕ್ಕೂ 4,000 ಜೂಲ್ ಶಾಖ ಸೈನಿಕನ ಕೈಯಲ್ಲೇ ಉಳಿಯುತ್ತದೆ. ನೂರು ಹೊಡೆತಗಳ ಶಾಖ ಒಂದು ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಗಾಳಿಯಿಲ್ಲದ ಅಂತರಿಕ್ಷದಲ್ಲಾದರೆ ಆ ಬಿಸಿಯನ್ನು ಹೊತ್ತೊಯ್ಯುವವರೂ ಇಲ್ಲ. ಮಾಮೂಲಿ ಗುಂಡಿನ ಬಂದೂಕನ್ನೇ ಅಲ್ಲಿಗೆ ಒಯ್ದರೂ ಕಷ್ಟ ತಪ್ಪದು. 4 ಗ್ರಾಂ ಗುಂಡನ್ನು ಸೆಕೆಂಡಿಗೆ 900 ಮೀಟರ್ ವೇಗದಲ್ಲಿ, 30 ಸಲ ಒಂದೇ ದಿಕ್ಕಿಗೆ ಹಾರಿಸಿದ 100 ಕಿಲೋ ತೂಕದ ಗಗನಯಾತ್ರಿ ಸೆಕೆಂಡಿಗೆ ಒಂದು ಮೀಟರಿಗೂ ಮಿಗಿಲಾದ ವೇಗದಲ್ಲಿ ಹಿಂದಕ್ಕೆ ತೇಲುತ್ತಾನೆ. ಇವು ಕಥೆಗೆ ಅಡ್ಡಿಯಾಗುವ ಸಂಗತಿಗಳಲ್ಲ. ಕಥೆ ಹುಟ್ಟುವುದೇ ಇಲ್ಲಿ.

ಹಿತ್ತಾಳೆಯ ಕೋಶವಿಲ್ಲದ ಗುಂಡನ್ನು ಬಳಸುವ ಜಿ-11 ಎಂಬ ಬಂದೂಕನ್ನು ಪಶ್ಚಿಮ ಜರ್ಮನಿ ವರ್ಷಗಟ್ಟಲೆ ಶ್ರಮಿಸಿ ರೂಪಿಸಿತು. ಕೆಲಸಕ್ಕೆ ಬಾರದ ಭಾರವೆಂದು ಕಂಡ ಹಿತ್ತಾಳೆ, ಹೊರಗೆ ಹಾರುವಾಗ ಶಾಖವನ್ನೂ ಹೊತ್ತೊಯ್ಯುತ್ತಿತ್ತು. ಕೋಶವಿಲ್ಲದಾಗ ಬಿಸಿಯಾದ ಗೂಡಿನಲ್ಲಿ ಗುಂಡು ತಾನಾಗಿಯೇ ಸಿಡಿಯುವ ಅಪಾಯ ಎದುರಾಯಿತು. ಅದಕ್ಕೆ ಬೇರೆಯೇ ಮದ್ದನ್ನು ಕಂಡುಹಿಡಿದರು. ಅಷ್ಟರಲ್ಲಿ ಎರಡು ಜರ್ಮನಿಗಳು ಒಂದಾದವು, ಶೀತಲ ಸಮರ ಮುಗಿಯಿತು, ಯೋಜನೆ ಮೂಲೆ ಸೇರಿತು. ಎಂಜಿನಿಯರುಗಳು ಶಾಖವನ್ನು ಗೆದ್ದರು, ಇತಿಹಾಸವನ್ನು ಗೆಲ್ಲಲಿಲ್ಲ.

ತೆರೆಯ ಮೇಲೆ ಗೆದ್ದ ಬಂದೂಕುಗಳೂ ಇದೇ ಮಾತನ್ನು ಹೇಳುತ್ತವೆ. 1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಬಿಳಿ ಕವಚದ ಸೈನಿಕರು ಹಿಡಿದದ್ದು ಬ್ರಿಟನ್ನಿನ ಸ್ಟರ್ಲಿಂಗ್ ಕಾರ್ಬೈನು; ಒಂದೆರಡು ಬಿಡಿಭಾಗಗಳನ್ನು ಅಂಟಿಸಿದ್ದಷ್ಟೇ ಬದಲಾವಣೆ. ಅದೇ ಕಾರ್ಬೈನನ್ನು ಕಾನ್ಪುರದ ಕಾರ್ಖಾನೆ ನಮ್ಮ ಸೇನೆಗೂ ಪೊಲೀಸರಿಗೂ ತಯಾರಿಸಿಕೊಟ್ಟಿತು. ಸಾಮ್ರಾಜ್ಯದ ಸೈನಿಕ ನಮಗೆ ನಂಬಿಕೆ ಹುಟ್ಟಿಸುವುದು ಅವನ ಕೈಯಲ್ಲಿರುವ ನಿಜವಾದ ಕಬ್ಬಿಣದ ತೂಕದಿಂದ. 1986ರ ‘ಏಲಿಯನ್ಸ್’ ಚಿತ್ರದ ಬಂದೂಕಿನ ಅಂದ ಅದರ ಆಕಾರದಲ್ಲಿಲ್ಲ. ಉಳಿದ ಗುಂಡುಗಳನ್ನು ತೋರಿಸುವ ಪುಟ್ಟ ಅಂಕಿಯ ಪರದೆಯಲ್ಲಿದೆ. ಆ ಅಂಕಿ ಇಳಿಯುತ್ತದೆ. ಇಳಿಯುವುದರಿಂದಲೇ ನಮಗೆ ಭಯವಾಗುತ್ತದೆ.

ನಮ್ಮ ಪರಂಪರೆಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಭಾರತದ ಕಥೆಯಲ್ಲಿ ಕರ್ಣನಿಗೆ ಇಂದ್ರ ಕೊಟ್ಟ ಶಕ್ತ್ಯಾಯುಧ ಒಂದೇ ಸಲ ಬಳಸುವಂಥದು. ಅದರ ಬೆಲೆ ಮೈಗಂಟಿ ಬಂದ ಕವಚ ಮತ್ತು ಕುಂಡಲಗಳು. ಅರ್ಜುನನಿಗಾಗಿ ಕಾದಿರಿಸಿದ ಅದನ್ನು ಘಟೋತ್ಕಚನ ಮೇಲೆ ಕಳೆದುಕೊಳ್ಳಬೇಕಾಯಿತು. ಬ್ರಹ್ಮಶಿರೋಸ್ತ್ರವನ್ನು ಬಿಡಲು ಬಲ್ಲ ಅಶ್ವತ್ಥಾಮ ಅದನ್ನು ಹಿಂದಕ್ಕೆ ಕರೆಯಲಾರ. ಇಲ್ಲಿನ ಪ್ರತಿ ಅಸ್ತ್ರಕ್ಕೂ ಒಂದು ನಿಬಂಧನೆ ಇದೆ, ಒಂದು ಬೆಲೆ ಇದೆ, ಒಂದು ಶಾಪವಿದೆ. ಫ್ರಾಂಕ್ ಹರ್ಬರ್ಟ್ 1965ರಲ್ಲಿ ‘ಡ್ಯೂನ್’ ಬರೆದಾಗ ಮಾಡಿದ್ದೂ ಇದನ್ನೇ. ವೇಗದ ಗುಂಡನ್ನು ತಡೆಯುವ ಗುರಾಣಿ ಇದೆ. ಅದಕ್ಕೆ ಕಿರಣ ತಗುಲಿದರೆ ಹೊಡೆದವನೂ ಉಳಿಯದಂಥ ಸ್ಫೋಟವಾಗಬಹುದು. ಆದ್ದರಿಂದ ನಕ್ಷತ್ರಯಾನದ ಯುಗದಲ್ಲೂ ಯೋಧರು ಕತ್ತಿಗೆ ಮರಳುತ್ತಾರೆ. ಒಂದು ನಿಬಂಧನೆಯಿಂದ ಇಡೀ ಲೋಕದ ನಡೆ ನುಡಿ ಹುಟ್ಟಿತು.

ಆಯುಧ ನೆಲದಿಂದ ಹುಟ್ಟುತ್ತದೆ ಎಂಬುದಕ್ಕೆ ನಮ್ಮ ಮೈಸೂರಿನ ರಾಕೆಟ್ಟುಗಳೂ ಸಾಕ್ಷಿ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು. ಕಬ್ಬಿಣ ಕಾಯಿಸಬಲ್ಲ ಕಮ್ಮಾರರಿದ್ದುದರಿಂದ ಆ ಕೊಳವೆಗಳು ಹೆಚ್ಚಿನ ಒತ್ತಡ ತಾಳಿದವು, ದೂರ ಹಾರಿದವು. ಇನ್ನು ಕೊಡಗಿನಲ್ಲಿ ಕೋವಿಗೆ ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆ ಸಲ್ಲುತ್ತದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೋವಿ, ನಳಿಗೆ, ಮದ್ದು, ತೋಟಾ, ಕೇಪು ಎಂದು ಕನ್ನಡದಲ್ಲಿ ಇಷ್ಟು ಪದಗಳಿರುವುದು ಈ ಬಳಕೆಯಿಂದಲೇ. ಹೀಗಿದ್ದೂ ನಮ್ಮ ವಿಜ್ಞಾನ ಕಥೆಯ ಸೈನಿಕ ಎರವಲು ಹೆಸರಿನ ಎರವಲು ಕಿರಣವನ್ನೇ ಹಿಡಿದು ನಿಲ್ಲುವುದೇಕೆ?

ಇಷ್ಟು ವಿವರ ಬರೆದರೆ ಹಿಂಸೆಯನ್ನು ವೈಭವೀಕರಿಸಿದಂತಾಗದೆ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಇದಕ್ಕೆ ನೇರ ವಿರುದ್ಧ. ವೈಭವ ಇರುವುದು ಹೊಳಪಿನಲ್ಲಿ. ಬಿಸಿಯಾಗದ, ಬರಿದಾಗದ, ಸಿಕ್ಕಿಕೊಳ್ಳದ, ತೂಕವೇ ಇಲ್ಲದ ಬಂದೂಕನ್ನು ಕೈಗಿತ್ತ ಲೇಖಕ, ಕೊಲ್ಲುವುದಕ್ಕೆ ಯಾವ ಖರ್ಚೂ ಇಲ್ಲ ಎಂಬ ಸುಳ್ಳನ್ನು ಓದುಗನಿಗೆ ದಾಟಿಸುತ್ತಾನೆ. ಅಂಥ ಲೋಕದಲ್ಲಿ ಸಾಯುವವರಿಗೆ ಹೆಸರೂ ಇರುವುದಿಲ್ಲ. ಯುದ್ಧವೆಂದರೆ ದೂರದ ಪರದೆಯ ಮೇಲಿನ ಬೆಳಕು ಎಂದು ನಂಬಲು ನಾವೆಲ್ಲ ಈಗಾಗಲೇ ಸಿದ್ಧರಾಗಿರುವ ಕಾಲದಲ್ಲಿ, ಸಾಹಿತ್ಯವೂ ಆ ನಂಬಿಕೆಗೆ ನೀರೆರೆಯಬೇಕೆ?

ಹಾಗಾಗಿ ಕಲ್ಪಿತ ಬಂದೂಕಿಗೆ ಹೆಸರಿಡುವ ಮೊದಲು ಲೇಖಕ ಕೆಲವು ಪ್ರಶ್ನೆಗಳಿಗೆ ಉತ್ತರ ಹುಡುಕಲಿ. ಇದನ್ನು ಯಾವ ಊರಿನಲ್ಲಿ, ಯಾರ ಕೂಲಿಯಲ್ಲಿ ಮಾಡಿದರು? ಕೆಸರಿಗೆ ಬಿದ್ದರೆ ಏನಾಗುತ್ತದೆ? ಕೆಟ್ಟರೆ ರಿಪೇರಿ ಮಾಡುವವರಾರು? ತೋಟಾ ಮುಗಿದ ದಿನ ಸೈನಿಕ ಏನು ಮಾಡುತ್ತಾನೆ? ಉತ್ತರ ಸಿಗದಿದ್ದರೆ, ಬರೆಯುವ ಮೊದಲು ಆ ಬಂದೂಕನ್ನು ಅವನೇ ಒಂದು ಇಡೀ ದಿನ ಹೆಗಲ ಮೇಲೆ ಹೊತ್ತು ನಡೆಯಲಿ.