ಬೆಂಕಿ ಆರಿದರೂ ಮುಗಿಯದ ಲೆಕ್ಕ

ಕಳೆದ ಬೇಸಿಗೆಯಲ್ಲಿ ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟಿದ್ದೆ. ಹುಮನಾಬಾದ್ ರಸ್ತೆಯ ಬದಿಯಲ್ಲಿ ಹೊಲವೊಂದು ಉರಿಯುತ್ತಿತ್ತು. ಬಸ್ಸಿನಲ್ಲಿದ್ದ ಯಾರೂ ಅಚ್ಚರಿಪಡಲಿಲ್ಲ. ‘ಕಸ ಸುಡ್ಲತ್ತಾರ್ರಿ, ಬೂದಿ ಗೊಬ್ಬರ ಆಗ್ತದ’ ಎಂದರು ಪಕ್ಕದಲ್ಲಿದ್ದ ಹಿರಿಯರು.

ಆ ಮಾತು ಅರ್ಧಸತ್ಯ. ಬೂದಿಯಲ್ಲಿ ಪೊಟ್ಯಾಷ್ ಉಳಿಯುವುದು ನಿಜ. ಆದರೆ ಸಾರಜನಕದ ಬಹುಪಾಲು ಮತ್ತು ಮಣ್ಣಿಗೆ ಸೇರಬೇಕಾದ ಇಂಗಾಲ ಹೊಗೆಯಾಗಿ ಹೋಗುತ್ತವೆ.

ಬೆಂಕಿಯ ನಷ್ಟ ಅದೇ ದಿನಕ್ಕೆ ಮುಗಿಯುವುದಿಲ್ಲ ಎಂಬುದಕ್ಕೆ ಸ್ಪಷ್ಟ ನಿದರ್ಶನ ದೂರದ ಅಲಾಸ್ಕದಲ್ಲಿದೆ. 2007ರಲ್ಲಿ ಅಲ್ಲಿನ ಅನಕ್ಟುವುಕ್ ನದಿಯ ಬಳಿ ಸಿಡಿಲಿನಿಂದ ಹೊತ್ತಿದ ಬೆಂಕಿ 1,000 ಚದರ ಕಿಲೋಮೀಟರಿಗೂ ಹೆಚ್ಚು ಟಂಡ್ರಾ ಪ್ರದೇಶವನ್ನು ಸುಟ್ಟಿತು. ಸುಮಾರು 20 ಲಕ್ಷ ಟನ್ ಇಂಗಾಲ ಗಾಳಿ ಸೇರಿತು. ಕೆಲವೇ ವರ್ಷಗಳಲ್ಲಿ ಹುಲ್ಲು ಮತ್ತೆ ಚಿಗುರಿತು. ಆದರೆ ಹೆಪ್ಪುಗಟ್ಟಿದ ನೆಲಕ್ಕೆ ಹೊದಿಕೆಯಾಗಿದ್ದ ಪಾಚಿಯ ಪದರ ಸುಟ್ಟುಹೋಗಿದ್ದರಿಂದ ಒಳಗಿನ ಹಿಮ ಕರಗಿ, ಭೂಮಿ ವರ್ಷಗಳ ಕಾಲ ಕುಸಿಯುತ್ತಲೇ ಹೋಯಿತು. ಉತ್ತರದ ಇಂಥ ನೆಲದಲ್ಲಿ, ವಾತಾವರಣದಲ್ಲಿರುವುದರ ಸರಿಸುಮಾರು ಎರಡು ಪಟ್ಟು ಇಂಗಾಲ ಅಡಗಿದೆ. ಅದು ಹೊರಬಂದರೆ ಬಿಸಿಲು ಏರುವುದು ಅಲ್ಲಿ ಮಾತ್ರವಲ್ಲ, ಕಲಬುರಗಿಯಲ್ಲಿಯೂ.

ನಮ್ಮ ನೆಲದಲ್ಲಿ ಹಿಮವಿಲ್ಲ, ಒಪ್ಪೋಣ. ಆದರೆ ನಮ್ಮ ಎರೆ ಭೂಮಿಯಲ್ಲಿ ಸಾವಯವ ಇಂಗಾಲ ಮೊದಲೇ ಕಡಿಮೆ. ವರ್ಷ ವರ್ಷವೂ ಕಸ, ಕಬ್ಬಿನ ರವದಿ ಸುಟ್ಟರೆ ಆ ಅಲ್ಪ ಗಂಟೂ ಕರಗುತ್ತದೆ. ಮಳೆನೀರನ್ನು ಹಿಡಿದಿಡುವ ಶಕ್ತಿ ಕುಂದುತ್ತದೆ. ಮಳೆಯನ್ನೇ ನಂಬಿದ ತೊಗರಿ ನಾಡಿಗೆ ಇದು ಸಣ್ಣ ನಷ್ಟವಲ್ಲ. ಇದೇ ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಗುರುತು ಪಡೆದ ಬೆಳೆ. ಅದನ್ನು ಬೆಳೆಯುವವರು ತೋಟಕ್ಕೆ ಧಾರಾಳವಾಗಿ ತಿಪ್ಪೆಗೊಬ್ಬರ ಹಾಕುತ್ತಾರೆ. ಮಣ್ಣನ್ನು ಉಣಿಸಬೇಕೆಂಬ ವಿವೇಕ ಆ ಊರಿಗೆ ಹೊಸದಲ್ಲ.

ರೈತರನ್ನು ದೂರುವುದು ಸುಲಭ. ಕೂಲಿ ದುಬಾರಿ, ಬಿತ್ತನೆಗೆ ಮುನ್ನ ಸಮಯ ಕಡಿಮೆ. ಕಡ್ಡಿ ಗೀರುವುದೇ ಅಗ್ಗದ ದಾರಿ. ಆದ್ದರಿಂದ ದಂಡದ ಎಚ್ಚರಿಕೆಗಿಂತ ಮೊದಲು, ಕಸ ಪುಡಿ ಮಾಡುವ ಯಂತ್ರಗಳು ಹೋಬಳಿ ಮಟ್ಟದಲ್ಲಿ ಕಡಿಮೆ ಬಾಡಿಗೆಗೆ, ಕಟಾವಿನ ಹೊತ್ತಿಗೇ ದೊರೆಯಬೇಕು. ರೋಗ ತಗುಲಿದ ಗಿಡವನ್ನು ಸುಡುವುದು ಬೇರೆ ಮಾತು; ಇಡೀ ಹೊಲಕ್ಕೆ ಬೆಂಕಿಯಿಡಲು ಅದು ನೆಪವಾಗಬಾರದು.

ನಗರದವರಾದ ನಾವೂ ಬುದ್ಧಿ ಹೇಳುವ ಮುನ್ನ ಯೋಚಿಸಬೇಕು. ನನ್ನ ಬಡಾವಣೆಯಲ್ಲಿಯೇ ಬೇವಿನ ತರಗೆಲೆಯನ್ನು ದಿನವೂ ಗುಡಿಸಿ ಸುಡುತ್ತಾರೆ. ಈ ವರ್ಷ ನಮ್ಮ ಮನೆಯಂಗಳದಲ್ಲಿ ಗುಂಡಿಯೊಂದನ್ನು ತೋಡಿಸಿದ್ದೇನೆ. ಎಲೆ ಅಲ್ಲಿ ಕೊಳೆಯುತ್ತಿದೆ, ಹೊಗೆಯಂತೂ ಇಲ್ಲ.