ವಲಸೆ ಬಂದವರ ಇಗರ್ಜಿ

ತಾಯ್ನಾಡನ್ನು ತೊರೆದು ಪರದೇಶಕ್ಕೆ ಹೊರಟವನು ತನ್ನ ಹೊಲವನ್ನು ಹೊತ್ತೊಯ್ಯಲಾರನು, ಮನೆಯನ್ನೂ ಹೊತ್ತೊಯ್ಯಲಾರನು. ಆಡುವ ಮಾತು ಮತ್ತು ನಂಬಿದ ದೇವರು ಮಾತ್ರ ಅವನೊಡನೆ ಕಡಲನ್ನು ದಾಟಿ ಬರುತ್ತವೆ. ಹೊಸ ನಾಡಿನಲ್ಲಿ ಬೇರೂರಬೇಕಾದರೆ ಇವನ್ನೂ ಕೈಬಿಡಬೇಕೆಂದು ವಾದಿಸುವವರುಂಟು. ಹಳೆಯದನ್ನು ಅಪ್ಪಿಕೊಂಡವನು ಹೊಸದಕ್ಕೆ ಸಲ್ಲನು ಎಂಬುದು ಅವರ ಮತ. ಈ ಮತ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಅರಿಯಲು ಅಮೆರಿಕದ ಪುಟ್ಟ ಹಳ್ಳಿಯೊಂದರ ಇಗರ್ಜಿಯ ಚರಿತ್ರೆ ಸಹಾಯಕವಾಗಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಅಯೊವ ರಾಜ್ಯದ ಈಶಾನ್ಯ ಭಾಗದಲ್ಲಿ, ಟರ್ಕಿ ಎಂಬ ನದಿಯ ದಡದ ಮೇಲೆ ಸ್ಪಿಲ್‌ವಿಲ್ ಎಂಬ ಊರಿದೆ. ಇಂದು ಅಲ್ಲಿ ವಾಸಿಸುವವರು ಸುಮಾರು ನಾನೂರು ಮಂದಿ ಮಾತ್ರ. 1850ರ ದಶಕದಲ್ಲಿ ಮಧ್ಯ ಯೂರೋಪಿನ ಬೊಹೀಮಿಯದಿಂದ ಚೆಕ್ ರೈತರು ಈ ಪ್ರದೇಶಕ್ಕೆ ಬಂದರು. ಬೊಹೀಮಿಯ ಆಗ ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ಅರಸರ ಅಧೀನದಲ್ಲಿತ್ತು. ಕಚೇರಿಯಲ್ಲಿಯೂ ಉನ್ನತ ವಿದ್ಯೆಯಲ್ಲಿಯೂ ಜರ್ಮನ್ ಭಾಷೆಯದೇ ಮೇಲುಗೈ; ಚೆಕ್ ಭಾಷೆ ಹಳ್ಳಿಗರ ನುಡಿಯೆಂಬ ತಾತ್ಸಾರಕ್ಕೆ ಒಳಗಾಗಿತ್ತು. ಜಮೀನ್ದಾರರ ಹೊಲಗಳಲ್ಲಿ ಬಿಟ್ಟಿ ದುಡಿಯುವ ಪದ್ಧತಿ 1848ರಲ್ಲಿ ರದ್ದಾದಾಗ ರೈತನು ಸ್ವತಂತ್ರನಾದನು. ಆದರೆ ಸಂಸಾರವನ್ನು ಸಲಹುವಷ್ಟು ಭೂಮಿ ಅನೇಕರಿಗೆ ದೊರೆಯಲಿಲ್ಲ. ಅಮೆರಿಕದ ಸರ್ಕಾರವಾದರೋ ಎಕರೆಗೆ 1.25 ಡಾಲರಿನಂತೆ ಭೂಮಿಯನ್ನು ಮಾರುತ್ತಿತ್ತು. ಬೊಹೀಮಿಯದ ರೈತನು ಗಂಟುಮೂಟೆ ಕಟ್ಟಿ ಹಡಗನ್ನೇರಿದುದರಲ್ಲಿ ಆಶ್ಚರ್ಯವೇನಿದೆ?

ಹೀಗೆ ಬಂದವರು 1860ರಲ್ಲಿ ಊರಿನ ದಿಬ್ಬದ ಮೇಲೆ ಕಲ್ಲಿನ ಇಗರ್ಜಿಯೊಂದನ್ನು ಕಟ್ಟಿದರು. ಹತ್ತನೆಯ ಶತಮಾನದಲ್ಲಿ ಬೊಹೀಮಿಯವನ್ನು ಆಳಿ, ಮುಂದೆ ಆ ನಾಡಿನ ರಕ್ಷಕ ಸಂತನೆಂದು ಪೂಜೆಗೊಂಡ ವಾಕ್ಲಾವನ ಹೆಸರನ್ನು ಅದಕ್ಕೆ ಇಟ್ಟರು. ಇಂಗ್ಲಿಷಿನಲ್ಲಿ ಈತನನ್ನು ವೆನ್ಸೆಸ್ಲಾಸ್ ಎಂದು ಕರೆಯುತ್ತಾರೆ. ಅಮೆರಿಕದಲ್ಲಿ ಚೆಕ್ಕರು ಕಟ್ಟಿ ಇಂದಿಗೂ ಉಳಿದಿರುವ ಕ್ಯಾಥೊಲಿಕ್ ಇಗರ್ಜಿಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಪರಿಗಣಿತವಾಗಿದೆ. 1876ರಲ್ಲಿ ಅಲ್ಲಿಗೆ ದೊಡ್ಡ ಆರ್ಗನ್ ವಾದ್ಯವೂ ಬಂದಿತು. ಹೊಸ ನೆಲವನ್ನು ಹಸನುಮಾಡುವ ಕೆಲಸವೇ ಕೈತುಂಬ ಇದ್ದ ಕಾಲದಲ್ಲಿ ಈ ವೆಚ್ಚ, ಈ ಶ್ರಮ ಏತಕ್ಕೆ ಎಂದು ಲೆಕ್ಕಾಚಾರದವರು ಕೇಳಬಹುದು. ಆದರೆ ಮಗುವಿಗೆ ಹೆಸರಿಡುವಾಗ, ಮದುವೆಯಲ್ಲಿ ಕೈಹಿಡಿಯುವಾಗ, ಸತ್ತವರನ್ನು ಮಣ್ಣಿಗೆ ಒಪ್ಪಿಸುವಾಗ ಮನುಷ್ಯನಿಗೆ ತನ್ನವರು ಬೇಕು, ತನ್ನ ಮಾತು ಬೇಕು. ಹರಿದು ಹಂಚಿಹೋಗಿದ್ದ ಸಂಸಾರಗಳನ್ನು ಒಂದು ಊರನ್ನಾಗಿ ಮಾಡಿದುದು ಆ ಇಗರ್ಜಿಯೇ.

ಅದರ ಫಲವೇನೆಂಬುದು 1893ರ ಬೇಸಗೆಯಲ್ಲಿ ಲೋಕಕ್ಕೆ ತಿಳಿಯಿತು. ಪ್ರಸಿದ್ಧ ಚೆಕ್ ಸಂಗೀತಗಾರ ಆಂತೊನೀನ್ ದ್ವೊರ್ಜಾಕ್ ಆಗ ನ್ಯೂಯಾರ್ಕಿನ ರಾಷ್ಟ್ರೀಯ ಸಂಗೀತ ವಿದ್ಯಾಲಯದ ನಿರ್ದೇಶಕನಾಗಿದ್ದನು. ಅವನ ಸಹಾಯಕ ಕೊವಾರ್ಜಿಕ್ ಎಂಬ ತರುಣನು ಸ್ಪಿಲ್‌ವಿಲ್ಲಿನ ಶಾಲಾ ಉಪಾಧ್ಯಾಯನ ಮಗ. ಈ ತರುಣನ ಮಾತಿನಂತೆ ದ್ವೊರ್ಜಾಕನು ಜೂನ್ 5ರಂದು ಸಂಸಾರಸಮೇತ ಆ ಹಳ್ಳಿಗೆ ಬಂದನು. ಕಟುಕನೂ ಹೋಟೆಲಿನವನೂ ಆಗಿದ್ದ ಹಳ್ಳಿಗನ ಮಗನಾದ ಅವನಿಗೆ ಅಲ್ಲಿನ ಜನ, ಅಲ್ಲಿನ ಮಾತು ತವರಿನಂತೆಯೇ ಕಂಡುವು. ಬೆಳಗಿನ ಪೂಜೆಯ ವೇಳೆಗೆ ಇಗರ್ಜಿಗೆ ಹೋಗಿ ಆರ್ಗನ್ ನುಡಿಸುವುದು ಅವನಿಗೆ ರೂಢಿಯಾಯಿತು. ಅವನು ನುಡಿಸಿದಂತೆ ಊರಿನ ಹಿರಿಯರು ಚೆಕ್ ಕೀರ್ತನೆಗಳನ್ನು ಹಾಡಿದರು. ಬಂದ ಮೂರು ವಾರಗಳೊಳಗೆ, ಜೂನ್ 23ರಂದು, ನಾಲ್ಕು ತಂತಿವಾದ್ಯಗಳ ಕೃತಿಯೊಂದನ್ನು ಅವನು ಪೂರ್ಣಗೊಳಿಸಿದನು. ಅಲ್ಲಿ ಕೇಳಿದ ಒಂದು ಹಕ್ಕಿಯ ಕೂಗೂ ಅದರಲ್ಲಿ ಸೇರಿಕೊಂಡಿದೆ. ಅದನ್ನು ಮೊದಲು ನುಡಿಸಿ ನೋಡಿದುದು ಉಪಾಧ್ಯಾಯನ ಮನೆಯವರೊಡನೆ. ಚೆಕ್ ಮಾತಿನ ನಡುವೆ ಹುಟ್ಟಿದ ಆ ಕೃತಿಯನ್ನು ಲೋಕವು ಇಂದು ಕರೆಯುವುದು ‘ಅಮೆರಿಕನ್’ ಎಂದೇ. ಹಳೆಯದನ್ನು ಅಪ್ಪಿಕೊಂಡವನು ಹೊಸದಕ್ಕೆ ಸಲ್ಲನೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಆದರೂ ಆ ವಾದ ಸುಮ್ಮನಾಗಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1918ರ ಮೇ 23ರಂದು, ಅಯೊವದ ಗವರ್ನರ್ ವಿಲಿಯಂ ಹಾರ್ಡಿಂಗನು ಒಂದು ಘೋಷಣೆಯನ್ನು ಹೊರಡಿಸಿದನು. ಶಾಲೆಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ ಇಂಗ್ಲಿಷನ್ನಲ್ಲದೆ ಬೇರೆ ಭಾಷೆಯನ್ನು ಆಡಕೂಡದು. ಇಂಗ್ಲಿಷ್ ಬಾರದವರು ತಮ್ಮ ಮನೆಗಳಲ್ಲಿಯೇ ಪ್ರಾರ್ಥಿಸಬೇಕು ಎಂದು ಅದು ವಿಧಿಸಿತು. ಶತ್ರುವಾದ ಜರ್ಮನಿಯ ಭಾಷೆಯ ಮೇಲಿನ ಕೋಪ ಚೆಕ್, ಡೇನಿಷ್, ನಾರ್ವೇಜಿಯನ್ ಭಾಷೆಗಳ ಮೇಲೂ ಎರಗಿತು. ಒಡೆಯರ ಭಾಷೆಯ ಒತ್ತಡವನ್ನು ತಾಯ್ನಾಡಿನಲ್ಲಿ ಕಂಡಿದ್ದವರ ಮಕ್ಕಳು, ತಮ್ಮ ಕೈಯಿಂದಲೇ ಕಟ್ಟಿದ ದೇವಮಂದಿರದಲ್ಲಿ ತಮ್ಮ ಮಾತು ನಿಷಿದ್ಧವೆಂಬುದನ್ನು ಕೇಳಬೇಕಾಯಿತು. ಅದೇ ವರ್ಷದ ಅಕ್ಟೋಬರ್ 28ರಂದು ಅಮೆರಿಕದ ಬೆಂಬಲದಿಂದಲೇ ಚೆಕೊಸ್ಲೊವಾಕಿಯ ಸ್ವತಂತ್ರ ರಾಷ್ಟ್ರವೆಂದು ಘೋಷಿತವಾಯಿತು. ಯಾವ ಜನರ ಬಿಡುಗಡೆಗೆ ದೇಶವು ನೆರವಾಯಿತೋ ಅವರ ನುಡಿಯನ್ನೇ ಅದರ ಒಂದು ರಾಜ್ಯ ಶಂಕಿಸಿತು! ಯುದ್ಧ ಮುಗಿದ ಮೇಲೆ, ಡಿಸೆಂಬರಿನಲ್ಲಿ, ಆ ಘೋಷಣೆ ರದ್ದಾಯಿತು.

ಇಡೀ ದೇಶಕ್ಕೆ ಒಂದು ಸಾಮಾನ್ಯ ಭಾಷೆ ಬೇಡವೆಂದು ಯಾರೂ ಹೇಳಲಾರರು. ಸ್ಪಿಲ್‌ವಿಲ್ಲಿನ ಮಕ್ಕಳೂ ಇಂಗ್ಲಿಷನ್ನು ಕಲಿತರು. ತಲೆಮಾರುಗಳು ಕಳೆದಂತೆ ಅದೇ ಅವರ ಮನೆಮಾತೂ ಆಯಿತು. ಇದು ಕಾಲದ ಕೆಲಸ. ಬೆಳೆದ ಮಗನು ತಾನಾಗಿ ಮನೆಯಿಂದ ಹೊರಡುವುದಕ್ಕೂ ಅವನನ್ನು ಕತ್ತುಹಿಡಿದು ಹೊರದಬ್ಬುವುದಕ್ಕೂ ಅಂತರವಿಲ್ಲವೆ? ಕಾಲವು ಒಯ್ದುದನ್ನು ಜನ ಪ್ರೀತಿಯಿಂದ ನೆನೆಯುತ್ತಾರೆ. ಅಧಿಕಾರವು ಕಿತ್ತುಕೊಂಡುದು ಮನಸ್ಸಿನಲ್ಲಿ ಗಾಯವಾಗಿ ಉಳಿಯುತ್ತದೆ. ದೇಶನಿಷ್ಠೆ ನೆಲೆಸುವುದು ಹೃದಯದಲ್ಲಿ. ಪ್ರಾರ್ಥನೆಯ ಭಾಷೆಯನ್ನು ಕಂಡು ಅದನ್ನು ಅಳೆಯುವುದು ಅವಿವೇಕ.

ಸಂತ ವಾಕ್ಲಾವನ ಇಗರ್ಜಿ ಇಂದಿಗೂ ನಿಂತಿದೆ. ಅದರ ಪಕ್ಕದ ಸ್ಮಶಾನದಲ್ಲಿ ಕಬ್ಬಿಣದ ಶಿಲುಬೆಗಳ ಮೇಲೂ ಕಲ್ಲುಗಳ ಮೇಲೂ ಚೆಕ್ ಅಕ್ಷರಗಳು ಕಾಣುತ್ತವೆ. ಅಲ್ಲಿ ಮಲಗಿರುವವರು ಕೊನೆಯವರೆಗೂ ಚೆಕ್ಕರಾಗಿದ್ದರು. ಅಯೊವದ ನೆಲವನ್ನು ಉತ್ತು, ಅದರ ಅನ್ನವನ್ನು ಉಂಡು, ಅದೇ ನೆಲಕ್ಕೆ ಸೇರಿದ ಅಮೆರಿಕನ್ನರೂ ಆಗಿದ್ದರು.