ತಂಪಿನ ಲೆಕ್ಕ, ಬಿಸಿಲಿನ ಲೆಕ್ಕ

ಸಣ್ಣ ಖಾಸಗಿ ವಿಮಾನಕ್ಕೆ ಹವಾನಿಯಂತ್ರಣ ಯಂತ್ರ ಕೂಡಿಸುವ ಮಾತು ಚಿಕ್ಕೋಡಿ ಭಾಗದ ದುಡಿಯುವ ಜನಕ್ಕೆ ಯಾತಕ್ಕೆ ಎಂದು ಓದುಗರು ಕೇಳಿಯಾರು. ಅದರಲ್ಲಿ ನಾವು ಕಲಿಯತಕ್ಕ ಒಂದು ಲೆಕ್ಕವಿದೆ.

ನಾಲ್ಕು ಜನ ಕೂಡುವ ಸೆಸ್ನಾ 172ರಂಥ ಒಂದೇ ಎಂಜಿನ್ನಿನ ವಿಮಾನ ಮೇಲೇರಿದರೆ ಹೊರಗಿನ ಗಾಳಿಯೇ ಅದನ್ನು ತಂಪು ಮಾಡುತ್ತದೆ. ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಷ್ಟು ಕಾವು ಇಳಿಯುತ್ತದೆ. ಸೆಕೆಯೆಲ್ಲ ನೆಲದ ಮೇಲೆ, ಗಾಜಿನ ಗೂಡಿನಲ್ಲಿ ಕುಳಿತು ಹಾರಲು ಅಪ್ಪಣೆ ಕಾಯುವಾಗ. ಅದನ್ನು ನೀಗಲು ಕಂಪ್ರೆಸರನ್ನು ಎಂಜಿನ್ನಿನ ಪಟ್ಟೆಯಿಂದಲೋ ವಿದ್ಯುತ್ತಿನಿಂದಲೋ ತಿರುಗಿಸಬೇಕು. ಕಾದ ಗಾಳಿ ತೆಳುವಾದ್ದರಿಂದ ಬೇಸಿಗೆಯಲ್ಲಿ ಎಂಜಿನ್ನಿನ ಬಲ ಮೊದಲೇ ತಗ್ಗಿರುತ್ತದೆ. ಆದುದರಿಂದ ಕೆಲವು ವಿಮಾನಗಳಲ್ಲಿ ಪೂರ್ಣ ಬಲ ಕೊಟ್ಟೊಡನೆ ಕಂಪ್ರೆಸರ್ ತಾನಾಗಿ ನಿಲ್ಲುತ್ತದೆ. ತುಂಬು ಭಾರದ ವಿಮಾನವಾದರೆ ಯಂತ್ರದ ತೂಕದಷ್ಟು ಇಂಧನವನ್ನೋ ಸಾಮಾನನ್ನೋ ಇಳಿಸಲೇಬೇಕು. ಕಿಲೋ ಕಿಲೋ ಲೆಕ್ಕ ಬರೆದು ಮಂಜೂರಾತಿ ಪಡೆಯದೆ ಅದು ಹಾರುವಂತಿಲ್ಲ.

ವಿಮಾನ ನಡೆಸುವವನು ಸೆಕೆಗೆ ಬಳಲಿದರೆ ಪ್ರಾಣಕ್ಕೆ ಅಪಾಯ ಎನ್ನುತ್ತಾರೆ. ಮಾತು ನಿಜ, ನಾವೂ ಒಪ್ಪುತ್ತೇವೆ. ಅದೇ ನ್ಯಾಯವನ್ನು ನೆಲದ ಮೇಲೂ ನಡೆಸಿರಿ ಎಂಬುದೇ ನಮ್ಮ ವಾದ.

ಅಥಣಿ, ರಾಯಬಾಗ, ಕಾಗವಾಡದ ಹೊಲಗಳಲ್ಲಿ ಫೆಬ್ರವರಿ-ಮಾರ್ಚಿನ ಬಿಸಿಲಿಗೆ ಕಬ್ಬು ಕಡಿಯುವ ಗ್ಯಾಂಗಿನವರು ತಲೆಯ ಮೇಲೆ ಹೊರೆ ಹೊತ್ತು ಟ್ರೇಲರ್ ತುಂಬುತ್ತಾರೆ. ಆ ಹೊರೆಯ ತೂಕವನ್ನು ಯಾವ ಅಧಿಕಾರಿ ಬರೆದುಕೊಳ್ಳುತ್ತಾನೆ? ಟ್ರಾಕ್ಟರ್ ಚಾಲಕ ಕಾರ್ಖಾನೆಯ ಯಾರ್ಡಿನಲ್ಲಿ ಸರದಿಗಾಗಿ ತಾಸುಗಟ್ಟಲೆ ಕಾಯುತ್ತಾನೆ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಹೆಣ್ಣುಮಕ್ಕಳಿಗೆ ಸೆಕೆಯೊಂದೇ ಅಲ್ಲ, ಧೂಳೂ ಇದೆ.

ಕಾಯಿದೆ ಏನು ಮಾಡಿದೆ? 2025ರ ಅಕ್ಟೋಬರ್ 1ರಿಂದ ತಯಾರಾಗುವ ಮೂರೂವರೆ ಟನ್ನಿಗೆ ಮೇಲ್ಪಟ್ಟ ಲಾರಿಗಳ ಚಾಲಕರ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವೆಂದು ಕೇಂದ್ರ ಸರಕಾರ ಗೊತ್ತುಪಡಿಸಿತು. ಇದು ಸ್ವಾಗತಾರ್ಹ. ಆದರೆ ಹಳೆಯ ಲಾರಿಗಳು ಇದರ ಹೊರಗೆ, ಟ್ರಾಕ್ಟರೂ ಹೊರಗೆ. 1948ರ ಕಾರ್ಖಾನೆ ಕಾಯಿದೆಯು 250ಕ್ಕಿಂತ ಹೆಚ್ಚು ಕೆಲಸಗಾರರಿದ್ದಲ್ಲಿ ಬೇಸಿಗೆಯಲ್ಲಿ ತಂಪು ನೀರು, 150ಕ್ಕಿಂತ ಹೆಚ್ಚಿದ್ದಲ್ಲಿ ವಿಶ್ರಾಂತಿ ಕೋಣೆ ಇರಬೇಕೆಂದಿತ್ತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿತು. ಆದರೆ ಆ ಕಾಯಿದೆಯ ಕಣ್ಣು ಕಾರ್ಖಾನೆಯ ಆವರಣದೊಳಗಿತ್ತು. ಅದೇ ಕಾರ್ಖಾನೆಗೆ ಕಬ್ಬು ಕಡಿದುಕೊಡುವವನ ಹೊಲ ಅದಕ್ಕೆ ಕಾಣಲಿಲ್ಲ.

ನಮ್ಮಲ್ಲಿ ಸರಕಾರದ ಹಾದಿ ಕಾಯಬೇಕಾಗಿಲ್ಲ. ಚಿಕ್ಕೋಡಿಯ ದೂಧಗಂಗಾ-ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಇವೆಲ್ಲ ಶೇರು ಹಾಕಿದ ರೈತರ ಸಹಕಾರಿ ಕಾರ್ಖಾನೆಗಳಾಗಿ ಹುಟ್ಟಿದವು. ಸಹಕಾರಿ ಕಾರ್ಖಾನೆಗಳ ಸದಸ್ಯರು ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು ಕೇಳಲಿ: ಯಾರ್ಡಿನಲ್ಲಿ ನೆರಳಿನ ಚಪ್ಪರ, ತಣ್ಣೀರು, ಚಾಲಕರಿಗೆ ಮಲಗಲು ಜಾಗ, ಗ್ಯಾಂಗಿನವರಿಗೆ ಕಡು ಬಿಸಿಲಿನ ಹೊತ್ತು ಬಿಡುವು. ಇದರ ವೆಚ್ಚವನ್ನು ಕಡಿತದ ಕೂಲಿಯಲ್ಲಿ ಮುರಿಯಕೂಡದು; ಕಾರ್ಖಾನೆಯ ಖರ್ಚಿನ ಪುಸ್ತಕದಲ್ಲೇ ಬರೆಯಬೇಕು. ವಖಾರಿಯ ಹೆಣ್ಣುಮಕ್ಕಳಿಗೆ ಗಾಳಿ-ಬೆಳಕು ಕೊಡುವ ಹೊಣೆ ವ್ಯಾಪಾರಿಗಳದು; ಅದನ್ನು ಮಾಡಿಸುವ ಹೊಣೆ ಕಾರ್ಮಿಕ ಇಲಾಖೆಯದು.

ವಿಮಾನದಲ್ಲಿ ತಂಪು ಬೇಕಾದವನು ತನ್ನ ಗಂಟು ಇಳಿಸಿ ಬೆಲೆ ತೆರುತ್ತಾನೆ. ನಮ್ಮ ಸಕ್ಕರೆಯ ಬೆಲೆಯಲ್ಲಿ ಬಿಸಿಲನ್ನು ಹೊತ್ತವನ ಪಾಲೂ ಸೇರಲಿ. ಮುಂದಿನ ಹಂಗಾಮಿಗೆ ಬಾಯ್ಲರ್ ಪೂಜೆಯಾಗುವ ಮೊದಲೇ ಯಾರ್ಡಿನ ಚಪ್ಪರ ಏಳಬೇಕು.